ಹಾಜರಿ ಪುಸ್ತಕದ ‘ಗು’

ಸಂಕ್ರಾಂತಿ ಮುಗಿದು ವಾರವಾಗಿತ್ತು. ಸಿಂಧನೂರು ಬಿಟ್ಟ ಬಸ್ಸು ಮಸ್ಕಿಯ ಕಡೆಗೆ ಹೊರಟಾಗ ಎರಡೂ ಬದಿಗೆ ಗದ್ದೆಗಳು. ನೀರು ಸಿಕ್ಕ ವರ್ಷ, ಎರಡನೇ ಬೆಳೆಗೆ ನಾಟಿ ನಡೆದಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಈ ಸೀಮೆಯನ್ನು ಎರಡು ಹೋಳು ಮಾಡಿಟ್ಟಿದೆ. ಕಾಲುವೆ ಮುಟ್ಟಿದಲ್ಲಿ ಸೋನಾ ಮಸೂರಿ, ರೈಸ್ ಮಿಲ್ಲು, ವಲಸೆ ರೈತರ ಕ್ಯಾಂಪುಗಳು. ಮುಟ್ಟದಲ್ಲಿ ಎರಿ ಹೊಲ, ಬಿಳಿಜೋಳ, ಕಡಲೆ. ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು.

ನಾನು ಇಳಿದದ್ದು ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಕ್ರಾಸಿನಲ್ಲಿ. ಅಲ್ಲಿಂದ ಟಂಟಂ ಆಟೊ. ಶಾಲೆ ಎಂದರೆ ತಗಡು ಹೊದಿಸಿದ ನಾಲ್ಕು ಕೋಣೆ, ಒಂದು ದೊಡ್ಡ ಬೇವಿನ ಮರ, ಕರಿ ಟ್ಯಾಂಕು, ಬಾಗಿಲ ಮೇಲೆ ಗೇಣುದ್ದದ ಶಿಲುಬೆ. ಅದಕ್ಕೆ ಅಂಟಿಕೊಂಡೇ ಪಾಸ್ಟರರ ಮನೆ. ಮನೆಗೂ ಹಾಸ್ಟೆಲಿಗೂ ನಡುವೆ ಒಂದು ಬಾಗಿಲಿದೆ. ಅದಕ್ಕೆ ಚಿಲಕ ಇದ್ದದ್ದು ಯಾವಾಗಲೋ ಕಿತ್ತುಹೋಗಿದೆ, ಮತ್ತೆ ಹಾಕಿಸಿಲ್ಲ. ಊರ ಹೆಸರು, ತಮ್ಮ ಹೆಸರು ಬರೆಯಬೇಡಿ ಎಂದು ಗಂಡ ಹೆಂಡತಿ ಮೊದಲೇ ಹೇಳಿದ್ದರು.

ಮಿಶನರಿ ಕುಟುಂಬ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಆಫ್ರಿಕಾದ ಯಾವುದೋ ಕಾಡಂಚು, ಬಿಳಿ ಟೊಪ್ಪಿಗೆಯ ದೊರೆ, ಉದ್ದ ಲಂಗದ ದೊರೆಸಾನಿ, ಹುಲ್ಲುಮಾಡಿನ ಶಾಲೆ. ಇಲ್ಲಿ ದೊರೆಯ ಮೈಮೇಲೆ ಚೌಕಳಿ ಲುಂಗಿ ಇತ್ತು. ಉಡುಪಿ ಕಡೆಯವರು. “ಮಾರಾಯ್ರೆ, ಇಷ್ಟು ಭತ್ತ ಬೆಳೆಯುವ ಸೀಮೆಯಲ್ಲಿ ಒಂದು ಮುಷ್ಟಿ ಕುಚ್ಚಲಕ್ಕಿ ಸಿಕ್ಕುವುದಿಲ್ಲ” ಎಂಬುದು ಅವರು ನನ್ನ ಬಳಿ ತೋಡಿಕೊಂಡ ಮೊದಲ ದುಃಖ. ಹೆಂಡತಿ ಗದಗ-ಬೆಟಗೇರಿಯವರು, ಮಕ್ಕಳಿಗೂ ಊರಿಗೂ ‘ಅಕ್ಕೋರು’. ಬಾಸೆಲ್ ಮಿಶನ್ನಿನ ಕಾಲದಲ್ಲಿ ಕ್ರೈಸ್ತವಾದ ಮನೆತನಗಳು ಎರಡೂ. ಬಂದು ಹದಿನಾಲ್ಕು ವರ್ಷವಾಯಿತಂತೆ.

ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳಕ್ಕೆ. ಐದು ಗಂಟೆಗೆ ಒಲೆ ಹೊತ್ತುತ್ತದೆ. ಅಡುಗೆಯವರಿಬ್ಬರು, ಜೊತೆಗೆ ಅಕ್ಕೋರು. ನಲವತ್ತರ ಹತ್ತಿರ ಮಕ್ಕಳು, ಬೆಳೆಯುವ ಹೊಟ್ಟೆಗಳು. ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಭಾನುವಾರ ಮಾತ್ರ ಒಗ್ಗರಣೆ ಮಿರ್ಚಿ. ಪಾಸ್ಟರರು ಅಷ್ಟರಲ್ಲಿ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಶುದ್ಧ ನೀರಿನ ಘಟಕಕ್ಕೆ ಹೋಗಿ ಬರುತ್ತಾರೆ. ಕೊಳವೆಬಾವಿಯ ನೀರು ಬಟ್ಟೆಗೆ, ಪಾತ್ರೆಗೆ. ಕುಡಿದರೆ ಹಲ್ಲು ಕಂದು ಹಿಡಿಯುತ್ತದೆ. ಬೋಧನೆ ದಿನಕ್ಕೆ ಅರ್ಧ ಗಂಟೆ, ನೀರು ಹೊರುವುದು ಮೂರು ಗಂಟೆ ಎಂದು ಅವರೇ ನಗುತ್ತಾರೆ.

ಎಂಟೂವರೆಗೆ ಪ್ರಾರ್ಥನೆ. ಮುಂದಿನ ಸಾಲಿನಲ್ಲಿ ಹಣೆತುಂಬ ವಿಭೂತಿ ಬಳಿದ ಹುಡುಗ, ಅವನ ಪಕ್ಕ ಕೊರಳಲ್ಲಿ ತಾಯಿತ ಕಟ್ಟಿಕೊಂಡ ಹುಡುಗಿ. ಕ್ರೈಸ್ತ ಮನೆಯ ಮಕ್ಕಳು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಮುದಗಲ್ಲಿನ ಮೊಹರಂ ಬಂದರೆ ಅರ್ಧ ಶಾಲೆ ಖಾಲಿ. ಹಿಂದೂ ಮುಸ್ಲಿಂ ಎನ್ನದೆ ಊರಿಗೆ ಊರೇ ಅಲಾಯಿ ದೇವರ ಮುಂದೆ ಕುಣಿಯುವ ಹಬ್ಬವದು. ಬೆಂಗಳೂರಿನಿಂದಲೂ ಜನ ಬಸ್ಸು ತುಂಬಿ ಬರುತ್ತಾರೆ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಯಾರಾದರೂ ಬಂದು ಪ್ರಶ್ನೆ ಮಾಡಿದರೇ ಎಂದು ಕೇಳಿದೆ. ಪಾಸ್ಟರರು ಬೈಕಿನ ಚೈನಿಗೆ ಎಣ್ಣೆ ಬಿಡುತ್ತಾ, “ಹೊರಗಿನವರು ಕೇಳುವುದು ಅದೊಂದೇ. ತಂದೆ ತಾಯಿ ಕೇಳುವುದು ಬೇರೆ: ಹುಡುಗ ಉಣ್ಣುತ್ತಾನಾ, ಓಡಿಹೋಗದೆ ಇರುತ್ತಾನಾ” ಎಂದರು.

ಪ್ರಾರ್ಥನೆಯಾದ ಮೇಲೆ ಹಾಜರಿ. ಆ ಪುಸ್ತಕ ನೋಡುವುದಕ್ಕಾದರೂ ಅಲ್ಲಿಗೆ ಹೋಗಬೇಕು. ಊರಿನಿಂದ ಬಂದುಹೋಗುವ ಮಕ್ಕಳ ಹೆಸರುಗಳ ಎದುರಿಗೆ ಕೆಂಪು ಶಾಯಿಯಲ್ಲಿ ಒಂದೇ ಅಕ್ಷರ: ‘ಗು’. ಗೈರಿನ ಗೈ ಅಲ್ಲ, ಕೂಲಿಗಾಗಿ ಊರು ಬಿಡುವ ಗುಳೆಯ ಗು. ಆಗಸ್ಟಿನಿಂದ ಅಲ್ಲೊಂದು ಇಲ್ಲೊಂದು ಸಣ್ಣ ‘ಹ’ ಕಾಣುತ್ತದೆ. ಅದು ಹತ್ತಿ. ಬೀಜದ ಹತ್ತಿಯ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಎಳೆಯ ಬೆರಳೇ ಬೇಕಂತೆ. ದೀಪಾವಳಿ ದಾಟಿದರೆ ‘ಗು’ ಶುರು. ಸಂಕ್ರಾಂತಿ ಹೊತ್ತಿಗೆ ಪುಟ ಕೆಂಪಾಗಿರುತ್ತದೆ. ಯುಗಾದಿಗೆ ಕೆಲವು ಮಾಯವಾಗುತ್ತವೆ, ಮುಂಗಾರಿಗೆ ಇನ್ನಷ್ಟು. ಮಾಯವಾಗದೆ ಉಳಿದವೂ ಇವೆ. ಅಂಥ ಹೆಸರಿನ ಮೇಲೆ ಅಕ್ಕೋರು ಗೆರೆ ಎಳೆಯುವುದಿಲ್ಲ. ಮರುವರ್ಷ ಹೊಸ ಪುಸ್ತಕಕ್ಕೆ ಅದನ್ನೂ ಬರೆದುಕೊಳ್ಳುತ್ತಾರೆ. ಲೆಕ್ಕ ತಪಾಸಣೆಗೆ ಬಂದವರು ಇದಕ್ಕೆ ತಕರಾರು ಎತ್ತಿದ್ದರಂತೆ.

ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗ್ಗಿ ಎಲ್ಲ ಕಡೆಯೂ ಮಗ್ಗಿಯೇ. ವರ್ಷಕ್ಕೊಮ್ಮೆ ಮಸ್ಕಿಗೆ ಪ್ರವಾಸವಿದೆ. ದುರ್ಗದ ಗುಡ್ಡದ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಕಂಡುಹಿಡಿದದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಚಿನ್ನ ಹುಡುಕುವವನಿಗೆ ಸಿಕ್ಕಿದ್ದು ಅಶೋಕನ ಹೆಸರು. ದೇವಾನಾಂಪ್ರಿಯ ಎಂಬ ಬಿರುದಿನ ಅರಸ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಈ ಎತ್ತರ ದಕ್ಕುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ಪಾಸ್ಟರರು ಪ್ರತಿ ವರ್ಷ ಅದನ್ನು ಬಿಡಿಸಿ ಹೇಳುತ್ತಾರೆ, ಮಕ್ಕಳು ಪ್ರತಿ ವರ್ಷ ಗುಡ್ಡದ ಮೇಲಿನ ಆಡುಗಳನ್ನು ನೋಡುತ್ತಾರೆ.

ಮಧ್ಯಾಹ್ನ ಬಿಸಿಲಿಗೆ ತಗಡು ಚಟಚಟ ಎನ್ನುವಾಗ ಬೇವಿನ ಕೆಳಗೆ ಹಳೆಯ ಕತೆ ನಡೆಯಿತು. ಇದೇ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಜೆಸುಯಿಟರು ಕಟ್ಟಿದ ಇಗರ್ಜಿಗೆ ಹಳೆಯ ದಾಖಲೆಗಳು ಕೊಡುವ ವರ್ಷ 1557. ತಾಳೀಕೋಟೆ ಯುದ್ಧಕ್ಕೆ ಇನ್ನೂ ಎಂಟು ವರ್ಷ ಬಾಕಿ. ವಿಜಯನಗರ, ಬಿಜಾಪುರ ಎರಡೂ ಮುದಗಲ್ಲಿನ ಕೋಟೆಗಾಗಿ ಬಡಿದಾಡುತ್ತಿದ್ದ ಕಾಲ. ಆ ಪಾದ್ರಿಗಳಿಗೆ ಮಡದಿ ಮಕ್ಕಳ ಗೋಜಿರಲಿಲ್ಲ. ಸಂಸಾರ ಕಟ್ಟಿಕೊಂಡವರು ಬಾಸೆಲ್ಲಿನವರು. ಅವರು ಆಫ್ರಿಕಾಕ್ಕೆ, ಈಗಿನ ಘಾನಾದ ಕರಾವಳಿಗೆ, ಹೋದದ್ದು 1828ರಲ್ಲಿ. ನಮ್ಮ ಕಡಲಿಗೆ ಬಂದದ್ದು 1834ರಲ್ಲಿ. ಎರಡೂ ಕಡೆ ಕೆಲಸ ಒಂದೇ ಬಗೆಯದು: ಹಳ್ಳಿಯ ಮಕ್ಕಳನ್ನು ತಂದು ಬೋರ್ಡಿಂಗ್ ಶಾಲೆಯಲ್ಲಿಟ್ಟು ಸಾಕಿ ಓದಿಸುವುದು. ಅವರ ಸ್ವಂತ ಮಕ್ಕಳು? 1853ರಲ್ಲಿ ಮಿಶನ್ ಒಂದು ಕಟ್ಟಳೆ ಮಾಡಿತು. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಯುರೋಪಿಗೆ ಮರಳಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೂ ಎದ್ದಿತು. ಊರವರ ಮಕ್ಕಳು ಮಿಶನರಿಯ ಮನೆಯಲ್ಲಿ, ಮಿಶನರಿಯ ಮಕ್ಕಳು ಸಮುದ್ರದಾಚೆ ಯಾರದೋ ಕೈಯಲ್ಲಿ.

ಕಟ್ಟಳೆಗೂ ಮೊದಲೇ ಈ ಪದ್ಧತಿ ಇತ್ತು. ಮಲಯಾಳಂ ನಿಘಂಟು ಬರೆದ ಬಾಸೆಲ್ ಮಿಶನರಿ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ನಾಲ್ಕರ ಹೊತ್ತಿಗೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಇತ್ತ ಮರಳಿದರು. ಅವಳು ಮತ್ತೆ ಅವರನ್ನು ಸೇರಿದ್ದು ಹದಿನೈದರ ಹೊತ್ತಿಗೆ, 1857ರಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಇವಳ ಮಗ. ಮಗಳನ್ನು ಮತ್ತೆ ಬರಮಾಡಿಕೊಂಡ ತಾಯಿ ಮೊದಲು ಯಾವ ಭಾಷೆಯಲ್ಲಿ ಮಾತಾಡಿಸಿದಳೋ ಎಂದು ನಾನು ಯೋಚಿಸುತ್ತಿದ್ದೆ. ಅಕ್ಕೋರು ಕತೆ ಕೇಳುತ್ತಾ ಜೋಳದಲ್ಲಿ ಕಲ್ಲು ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟು ಒಳಗೆ ಹೋದರು. “ನಮ್ಮ ಮಗಳೂ ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಪಿಯುಸಿ” ಎಂದರು ಪಾಸ್ಟರರು. ಎಂಟನೆಯ ತರಗತಿಗೇ ಕಳಿಸಿದ್ದಂತೆ.

ಸಂಜೆ ಒಬ್ಬ ಮುದುಕಿ ಬಂದಳು. ಮೊಮ್ಮಗನ ಕೈ ಹಿಡಿದಿದ್ದಳು, ಏಳೆಂಟು ವರ್ಷದವನು. ಹಿಂದೆ ಅವನ ಅವ್ವ, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಅಪ್ಪ ಕ್ರಾಸಿನಲ್ಲೇ ಸಾಮಾನಿನ ಕಾವಲಿಗೆ ನಿಂತಿದ್ದ: ಜೋಳದ ಚೀಲ, ಹಂಚು, ಪಾತ್ರೆಯ ಮೂಟೆ. ರಾತ್ರಿಯ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಯಾವುದೋ ಕಟ್ಟಡದ ಕೆಳಗಿನ ತಗಡಿನ ಶೆಡ್ಡು.

“ಅಕ್ಕೋರ, ಇವ್ನ ಇಲ್ಲೇ ಇಟ್ಕೋರಿ. ನನ್ನ ಕೈಯಾಗ ನಿಂದ್ರಂಗಿಲ್ರಿ ಇವ. ಯುಗಾದಿಗಿ ಬರ್ತಾರ.”

“ಚಾದರ ತಂದೀಯೇನವ್ವ?”

“ಕೌದಿ ತಂದೀನ್ರಿ. ನಾನಾ ಹೊಲದದ್ದು.”

ಅವ್ವ ಮಾತಾಡಲಿಲ್ಲ. ಹುಡುಗನ ಅಂಗಿಯ ಗುಂಡಿ ಸರಿಯಾಗಿಯೇ ಇತ್ತು. ಬಿಚ್ಚಿ ಮತ್ತೆ ಹಾಕಿದಳು. ಹೊರಟಾಗ ಅವನು ಅಳಲಿಲ್ಲ, ಬೇವಿನ ಮರ ಹತ್ತಿ ಕೂತ. ಪಾಸ್ಟರರು ಹಾಜರಿ ಪುಸ್ತಕ ತೆಗೆದು, ಆ ಬೆಳಿಗ್ಗೆ ಅವನ ಹೆಸರಿನೆದುರು ಬರೆದಿದ್ದ ‘ಗು’ ಹೊಡೆದುಹಾಕಿದರು.

ಏಳೂವರೆಗೆ ಧಾರವಾಡದ ಫೋನು ಬರುತ್ತದೆ. ಸ್ಪೀಕರಿಗೆ ಹಾಕಿ ಮಂಚದ ಮೇಲಿಡುತ್ತಾರೆ. ಚಿಲಕವಿಲ್ಲದ ಬಾಗಿಲಿನಿಂದ ಹತ್ತಾರು ತಲೆಗಳು ಒಳಗೆ. ಮಗಳಿಗೆ ಅವ್ವನ ಜೊತೆ ಎರಡು ಮಾತು ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ಯಾರು ಬಿದ್ದರು, ಯಾರ ಹಲ್ಲು ಉದುರಿತು, ನಾಯಿ ಎಷ್ಟು ಮರಿ ಹಾಕಿತು. ಹೊಸ ಹುಡುಗ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡ. ಫೋನು ಇಟ್ಟ ಮೇಲೆ ಅಕ್ಕೋರ ಸೆರಗು ಜಗ್ಗಿದ.

“ಅಕ್ಕ ಯಾಕ ಹಾಸ್ಟೆಲ್‌ನ್ಯಾಗ ಅದಾಳ್ರಿ? ನೀವು ಇಲ್ಲಿಗಿ ಗುಳೆ ಬಂದೀರೇನ್ರಿ?”

“ಹೂಂನಪಾ, ಹದಿನಾಕ್ ವರ್ಷ ಆತು” ಎಂದು ಅಕ್ಕೋರು ಅವನ ಕೌದಿ ಕೊಡವಿ ಹಾಸತೊಡಗಿದರು.