ಮಾಗಿಯ ಚಳಿಯಲ್ಲಿ ಘಟ್ಟದ ರೈಲು

ಚಳಿಗಾಲವೆಂದರೆ ಯಾವ ತಿಂಗಳು? ಈ ಸರಳ ಪ್ರಶ್ನೆಗೆ ನಮ್ಮ ಸಂಸಾರದಲ್ಲಿ ಎರಡು ಉತ್ತರಗಳಿವೆ. ಪರ್ತಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನನ್ನ ಮೊಮ್ಮಗಳಿಗೆ ಅದು ಜುಲೈ. ಹಾಸನದಲ್ಲಿರುವ, 84 ವರ್ಷ ತುಂಬಿದ ನನ್ನ ಅತ್ತೆಯವರಿಗೆ ಅದು ಧನುರ್ಮಾಸ. ಚಳಿಗಾಲದಲ್ಲಿ ಎಲ್ಲರೂ ಕೂಡಿ ಘಟ್ಟದ ರೈಲಿನಲ್ಲಿ ಪ್ರಯಾಣ ಮಾಡಬೇಕೆಂಬ ಮಾತು ಎದ್ದಾಗ ಮೊಮ್ಮಗಳು ಜುಲೈ ರಜೆಗೆ ಗುರುತು ಹಾಕಿದಳು. ದೂರವಾಣಿಯಲ್ಲಿ ಅದನ್ನು ಕೇಳಿದ ಮುತ್ತಜ್ಜಿ, “ಆಷಾಢದ ಮಳೆಯಲ್ಲಿ ಘಟ್ಟ ಇಳಿಯುವುದೇನೇ, ಹುಚ್ಚು ಹುಡುಗಿ!” ಎಂದು ನಕ್ಕರು.

ಆಸ್ಟ್ರೇಲಿಯದ ಅನೇಕ ಕನ್ನಡ ಕುಟುಂಬಗಳಂತೆ ನಮ್ಮದೂ ಹಂಚಿಹೋದ ಸಂಸಾರ. ಮಗಳ ಮನೆ ಪರ್ತಿನಲ್ಲಿ, ಮಗನದು ಬ್ರಿಸ್ಬೇನಿನಲ್ಲಿ, ನಾವಿಬ್ಬರು ಅಡಿಲೇಡಿನಲ್ಲಿ. ಪರ್ತಿನಿಂದ ಬ್ರಿಸ್ಬೇನಿಗೆ ವಿಮಾನದ ಹಾದಿ ಸುಮಾರು 3,600 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿಗಿರುವ ದೂರದ ಎರಡರಷ್ಟು. ಗಡಿಯಾರಗಳೂ ಕೂಡುವುದಿಲ್ಲ. ಜೂನ್ ತಿಂಗಳಲ್ಲಿ ಪರ್ತಿನ ಸಂಜೆ 6 ಗಂಟೆಗೆ ಅಡಿಲೇಡಿನಲ್ಲಿ 7.30, ಬ್ರಿಸ್ಬೇನಿನಲ್ಲಿ 8, ಹಾಸನದಲ್ಲಿ ಮಧ್ಯಾಹ್ನ 3.30. ಭಾನುವಾರದ ಆ ಒಂದು ಗಳಿಗೆಯೇ ನಮ್ಮ ಮನೆಯ ಚಾವಡಿ.

ರೈಲು ಪ್ರಯಾಣಕ್ಕೆ ಈ ನಾಡಿನಲ್ಲೇನೂ ಕೊರತೆಯಿಲ್ಲ. 1970ರಲ್ಲಿ ಆರಂಭವಾದ ಇಂಡಿಯನ್ ಪೆಸಿಫಿಕ್ ಗಾಡಿ ಪರ್ತಿಗೂ ಸಿಡ್ನಿಗೂ ನಡುವಣ 4,352 ಕಿಲೋಮೀಟರು ದೂರವನ್ನು ಅಡಿಲೇಡಿನ ಮೂಲಕ ಕ್ರಮಿಸುತ್ತದೆ. ನಲ್ಲರ್ಬಾರ್ ಬಯಲಿನಲ್ಲಿ 478 ಕಿಲೋಮೀಟರು ಒಂದು ತಿರುವೂ ಇಲ್ಲದ ಹಳಿ. ಸಿಡ್ನಿ ಸಮೀಪಿಸುವಾಗ ಬ್ಲೂ ಮೌಂಟನ್ಸ್ ಬೆಟ್ಟಸಾಲು. ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್‌ನಿಂದ ಕುರಾಂಡಾಕ್ಕೆ ಏರುವ ಮಾರ್ಗ 1891ರಷ್ಟು ಹಳೆಯದು. ಅದರಲ್ಲಿ 15 ಸುರಂಗಗಳಿವೆ. ಮಗ ಕುರಾಂಡಾ ಎಂದ, ಮಗಳು ಇಂಡಿಯನ್ ಪೆಸಿಫಿಕ್ ಎಂದಳು. ಆದರೆ ಅತ್ತೆಯವರಿಗೆ ದೀರ್ಘ ವಿಮಾನ ಪ್ರಯಾಣ ಬೇಡವೆಂದು ವೈದ್ಯರು ಹೇಳಿ ಎರಡು ವರ್ಷಗಳಾದುವು. ಅವರಿಲ್ಲದ ಮೇಲೆ ಬೆಟ್ಟ ಯಾವುದಾದರೇನು?

ಆದುದರಿಂದ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಟ್ಟದ ಹಾದಿಯನ್ನೇ ಆರಿಸಿದೆವು. ಸುಮಾರು 55 ಕಿಲೋಮೀಟರಿನ ಈ ಹಾದಿಯಲ್ಲಿ 57 ಸುರಂಗಗಳು, 109 ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗಿಳಿಯುವ ಇಳಿಜಾರು. ಗಾಡಿ ಮೆಲ್ಲಮೆಲ್ಲನೆ ಸಾಗಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಹಳಿ ಅಗಲಿಸುವ ಕೆಲಸಕ್ಕಾಗಿ 1996ರಲ್ಲಿ ಘಟ್ಟದ ಹಾದಿ ಮುಚ್ಚಿತು. ಪ್ರಯಾಣಿಕರ ಗಾಡಿ ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಮುಚ್ಚುವ ಮೊದಲೊಮ್ಮೆ ನಮ್ಮ ಮಾವನವರು ಅತ್ತೆಯವರನ್ನು ಆ ಗಾಡಿಯಲ್ಲಿ ಸುಬ್ರಹ್ಮಣ್ಯಕ್ಕೆ ಕರೆದೊಯ್ದಿದ್ದರು. ದಾರಿಯುದ್ದಕ್ಕೂ ಸುರಂಗಗಳನ್ನು ಎಣಿಸುತ್ತಾ ಹೋದವರು ನಡುವೆ ಲೆಕ್ಕ ತಪ್ಪಿ, “ಇರಲಿ, ಮಕ್ಕಳು ಮೊಮ್ಮಕ್ಕಳೊಡನೆ ಬಂದು ಸರಿಯಾಗಿ ಎಣಿಸೋಣ” ಎಂದಿದ್ದರಂತೆ.

ಆ ಮಾತನ್ನು ನಡೆಸಿಕೊಡಲು ನಾವು ಯೋಜನೆ ಹಾಕಿದ್ದು ಒಂದಲ್ಲ, ಮೂರು ಸಲ. ಮೊದಲ ವರ್ಷ ಮಗನ ಹೊಸ ಕೆಲಸ ಅಡ್ಡ ಬಂದಿತು. ಮರುವರ್ಷ ಮಗಳ ಮನೆಯ ಸಾಲ. ಮೂರನೆಯ ವರ್ಷ ವಿಮಾನದ ದರ. “ಬರುವ ವರ್ಷ ನೋಡೋಣ” ಎಂದವಳು ನಾನೇ. ಮಾವನವರು ಬರುವ ವರ್ಷದವರೆಗೆ ಉಳಿಯಲಿಲ್ಲ. ಮೂರು ಊರುಗಳಿಂದ ನಾವೆಲ್ಲರೂ ಒಂದೇ ವಾರದೊಳಗೆ ಹಾಸನ ಸೇರಿದ್ದು ಅವರ ಉತ್ತರಕ್ರಿಯೆಗೆ. ಪ್ರವಾಸಕ್ಕೆ ಸಿಗದ ರಜೆ ಸಾವಿಗೆ ಸಿಕ್ಕಿತು. ದುಬಾರಿಯೆಂದು ಬಿಟ್ಟಿದ್ದ ಟಿಕೆಟ್ಟಿಗೆ ಆಗ ಅದಕ್ಕಿಂತಲೂ ಹೆಚ್ಚು ತೆತ್ತೆವು. ಯಾರೂ ದರ ಕೇಳಲಿಲ್ಲ.

ಈ ಬಾರಿ ಯೋಜನೆಯ ಕ್ರಮವನ್ನೇ ಬದಲಿಸಿದ್ದೇವೆ. ಮೊದಲು ದಿನಾಂಕ, ಉಳಿದುದೆಲ್ಲ ಅನಂತರ. ಪಶ್ಚಿಮ ಆಸ್ಟ್ರೇಲಿಯ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಗಳ ಶಾಲಾ ರಜೆಗಳು ಒಂದೇ ದಿನ ಆರಂಭವಾಗುವುದಿಲ್ಲ. ಆದರೆ ಡಿಸೆಂಬರಿನ ಕೊನೆಯ ವಾರದಿಂದ ಜನವರಿಯ ಮೂರನೆಯ ವಾರದವರೆಗೆ ಮೂರೂ ಕಡೆ ಬಿಡುವುಂಟು. ಇಲ್ಲಿಯ ಬಿರುಬೇಸಗೆಯೇ ಅಲ್ಲಿಯ ಮಾಗಿ. ಜುಲೈ ರಜೆಯಾದರೋ ಘಟ್ಟದಲ್ಲಿ ಗುಡ್ಡ ಕುಸಿಯುವ ಕಾಲ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಈ ಹಾದಿ ಮುಚ್ಚಿತ್ತು. ಚಂಪಾಷಷ್ಠಿಯ ಜಾತ್ರೆ ಸಾಮಾನ್ಯವಾಗಿ ಡಿಸೆಂಬರಿನ ನಡುಭಾಗಕ್ಕೇ ಮುಗಿದಿರುವುದರಿಂದ ಆ ನೂಕುನುಗ್ಗಲೂ ತಪ್ಪುತ್ತದೆ.

ಎರಡನೆಯದು ವಿಮಾನ. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರರಿಂದಲೂ ಸಿಂಗಪುರಕ್ಕೆ ನೇರ ವಿಮಾನಗಳಿವೆ. ಅಲ್ಲಿ ಎಲ್ಲರೂ ಕೂಡಿ ಒಂದೇ ವಿಮಾನದಲ್ಲಿ ಬೆಂಗಳೂರು ತಲುಪುವುದೆಂದು ನಿಶ್ಚಯಿಸಿದ್ದೇವೆ.

ಮೂರನೆಯದು ರೈಲು. ವಿಮಾನದ ಟಿಕೆಟ್ಟನ್ನು ಹಲವು ತಿಂಗಳು ಮೊದಲೇ ಕೊಳ್ಳಬೇಕು. ರೈಲಿನ ಸಾಮಾನ್ಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯಾದರೋ 2024ರ ನವೆಂಬರಿನಿಂದ 120 ದಿನಗಳ ಬದಲು 60 ದಿನಗಳು. ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇನೆ. ಕತ್ತಲೆಯಲ್ಲಿ ಇಳಿದರೆ ಘಟ್ಟ ಕಾಣದು. ಆದುದರಿಂದ ಹಗಲು ಗಾಡಿಯೇ ಬೇಕು. 2025ರಲ್ಲಿ ವಿದ್ಯುದೀಕರಣದ ಕಾಮಗಾರಿಗಾಗಿ ಹಗಲು ಗಾಡಿಗಳನ್ನು ಹಲವು ತಿಂಗಳು ನಿಲ್ಲಿಸಲಾಗಿತ್ತು; ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು 2021ರ ಜುಲೈಯಲ್ಲಿ ಈ ಹಾದಿಗೆ ಬಂದುವು. ಸಿಕ್ಕರೆ ಮಕ್ಕಳಿಗೆ ಹಬ್ಬ.

ಅತ್ತೆಯವರನ್ನು ಹಾಸನದಲ್ಲಿಯೇ ಗಾಡಿ ಹತ್ತಿಸುತ್ತೇವೆ. ಗಾಲಿಕುರ್ಚಿ, ಕಿಟಕಿಯ ಪಕ್ಕದ ಸ್ಥಳ, ಉಣ್ಣೆಯ ಶಾಲು, ಹೊತ್ತುಹೊತ್ತಿನ ಔಷಧಿ, ಬಿಸಿನೀರಿನ ಫ್ಲಾಸ್ಕು. ಪುಳಿಯೋಗರೆ ಮೊಸರನ್ನಗಳ ಬುತ್ತಿ ನನ್ನ ಪಾಲಿನದು. ನಿಲ್ದಾಣದಿಂದ ದೇವಸ್ಥಾನಕ್ಕೆ ಇನ್ನೂ ಸುಮಾರು 12 ಕಿಲೋಮೀಟರು. ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ನಿಧಾನವಾಗಿ ಹಿಂದಿರುಗುವುದು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ನಮ್ಮ ಆತುರಕ್ಕೆ ಅವರ ಮಂಡಿ ಒಗ್ಗದು.

ಸಮ್ಮೇಳನಕ್ಕೆ ಬಂದಿರುವ ಬಂಧುಗಳೇ, ಎರಡು ವರ್ಷಕ್ಕೊಮ್ಮೆ ನಡೆಯುವ ಈ ಹಬ್ಬಕ್ಕೆ ನಾವು ತಿಂಗಳುಗಟ್ಟಲೆ ಮೊದಲೇ ದಿನ ಗೊತ್ತುಮಾಡಿ, ರಜೆ ಪಡೆದು, ಊರೂರುಗಳಿಂದ ಬಂದು ಸೇರುತ್ತೇವೆ. ಮನೆಯ ಹಿರಿಯರೊಡನೆ ಕೂಡುವ ದಿನಕ್ಕೂ ಅಷ್ಟೇ ಖಚಿತವಾದ ಒಂದು ತಾರೀಖು ಇರಬೇಡವೆ? ರಜೆಯೂ ಹಣವೂ ಒಂದಲ್ಲ ಒಂದು ದಿನ ಒದಗಿಯಾವು. ಹಿರಿಯರ ಶಕ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ.

ಕಳೆದ ಭಾನುವಾರ ಮೊಮ್ಮಗಳು, “ಮುತ್ತಜ್ಜಿ, 57 ಸುರಂಗಗಳನ್ನೂ ನಾನೇ ಎಣಿಸುತ್ತೇನೆ” ಎಂದಳು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, “ಎಣಿಸು ಮಗು, ಗಟ್ಟಿಯಾಗಿ ಎಣಿಸು. ನಿನ್ನ ಮುತ್ತಾತ ಎಣಿಸಿದ್ದು ಅರ್ಧಕ್ಕೇ ನಿಂತಿದೆ” ಎಂದರು.