ಕಲ್ಲಿದ್ದಲು ಹುಡುಕುವ ವಿದ್ಯೆಯೂ ನಮ್ಮ ಕೊಳವೆಬಾವಿಯ ಪಾಯಿಂಟೂ

ಹೊಳೆ ಹಳ್ಳಗಳ ನೀರು ಇಳಿಯತೊಡಗಿದೊಡನೆ ನಮ್ಮ ಸಂಘದ ಕಚೇರಿಯಲ್ಲಿ ಅಡಿಕೆ ಧಾರಣೆಯಷ್ಟೇ ಚರ್ಚೆಗೆ ಬರುವ ಇನ್ನೊಂದು ವಿಷಯವೆಂದರೆ ಕೊಳವೆಬಾವಿ. ಕಾಫಿಗೆ ಹೂಮಳೆ ಕೈಕೊಟ್ಟರೆ ತುಂತುರು ನೀರಾವರಿಯೇ ಗತಿ. ಅಡಿಕೆಗಾದರೋ ಮಳೆಗಾಲ ಹಿಡಿಯುವವರೆಗೂ ನೀರುಣಿಸಲೇಬೇಕು. ಕೆರೆ ಬಾವಿ ಬತ್ತಿದರೆ ಲಾರಿ ತರಿಸುವುದು, ಕೊರೆಯಿಸುವುದು. ಅದಕ್ಕೆ ಮುಂಚೆ ‘ಪಾಯಿಂಟ್’ ಮಾಡಿಸುವುದು.

ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರು ಎರಡೂವರೆ ಎಕರೆ ಅಡಿಕೆ ತೋಟಕ್ಕಾಗಿ ಮೂರನೆಯ ಕೊಳವೆಬಾವಿ ಕೊರೆಯಿಸಿದರು. 620 ಅಡಿ ಹೋದರೂ ಮೇಲೆ ಬಂದದ್ದು ಕಲ್ಲಿನ ಹುಡಿ ಮಾತ್ರ. ಅವರ ಕೈಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ‘210 ಅಡಿಯಲ್ಲಿ 2 ಇಂಚು ನೀರು’ ಎಂಬ ಒಂದೇ ಸಾಲು ಬರೆದಿತ್ತು. “ಮೆಷಿನ್ ಇಟ್ಟು ನೋಡಿದ್ದಾರಲ್ಲ ಮಾರಾಯ್ರೆ, ಮೆಷಿನ್ ಸುಳ್ಳು ಹೇಳ್ತದಾ?” ಎಂದು ಅವರು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಮೆಷಿನ್ ಸುಳ್ಳು ಹೇಳಿರಲಿಲ್ಲ. ನೀರಿನ ಮಾತನ್ನು ಅದು ಆಡಿಯೇ ಇರಲಿಲ್ಲ. ಅದು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ಬೆಳೆಗಾರ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದೇ ವಿದ್ಯೆಯನ್ನು ಹೆಚ್ಚು ಹಣ, ಹೆಚ್ಚು ಎಚ್ಚರ ಎರಡನ್ನೂ ಹಾಕಿ ಬಳಸುವುದು ಖನಿಜ ಶೋಧನೆಯಲ್ಲಿ. ಆದುದರಿಂದ ಮೊದಲು ಕಲ್ಲಿದ್ದಲಿನ ಕಡೆ ಹೋಗಿ, ಅಲ್ಲಿಂದ ನಮ್ಮ ತೋಟಕ್ಕೆ ಬರೋಣ.

ಗೋದಾವರಿ ಕಣಿವೆಯ ಉದಾಹರಣೆ

ನಮ್ಮ ಪಂಪ್‌ಸೆಟ್ಟುಗಳಿಗೆ ಬರುವ ವಿದ್ಯುತ್ತಿನ ಒಂದು ಪಾಲು ಕಲ್ಲಿದ್ದಲಿನದು. ರಾಯಚೂರು ಬಳಿಯ ಶಕ್ತಿನಗರದ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅದಕ್ಕೆ ಕಲ್ಲಿದ್ದಲು ಬರುವ ಕಡೆಗಳಲ್ಲಿ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳು ಮುಖ್ಯವಾದವು. ಅಲ್ಲಿ ಯೆಲ್ಲಂದು ಎಂಬ ಊರಿನ ಬಳಿ 1871ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ವಿಲಿಯಂ ಕಿಂಗ್ ಕಲ್ಲಿದ್ದಲನ್ನು ಗುರುತಿಸಿದರು. ಆ ಇಲಾಖೆ 1851ರಲ್ಲಿ ಹುಟ್ಟಿದ್ದೇ ಮುಖ್ಯವಾಗಿ ಕಲ್ಲಿದ್ದಲು ಹುಡುಕುವುದಕ್ಕೆ.

ನೆಲದ ಮೇಲೆ ತಲೆಹಾಕಿರುವ ಕಲ್ಲಿದ್ದಲನ್ನು ಕಣ್ಣಿನಿಂದ ಕಾಣಬಹುದು. ಮಣ್ಣಿನಡಿ ಮುಚ್ಚಿಹೋದದ್ದನ್ನು ಕಾಣುವುದು ಹೇಗೆ? ಗೋದಾವರಿ ಕಣಿವೆಯಲ್ಲಿ ಎಂದೋ ಭೂಮಿ ಉದ್ದಕ್ಕೆ ಸೀಳಿ, ನಡುವಿನ ಪಟ್ಟಿ ಕೆಳಗೆ ಕುಸಿಯಿತು. ಆ ತಗ್ಗಿನಲ್ಲಿ ಮರಳು, ಜೇಡಿ, ಕಾಡಿನ ಸಸ್ಯರಾಶಿ ಪದರ ಪದರವಾಗಿ ತುಂಬಿ, ಕೋಟ್ಯಂತರ ವರ್ಷಗಳಲ್ಲಿ ಮರಳುಗಲ್ಲು, ಜೇಡಿಗಲ್ಲು, ಕಲ್ಲಿದ್ದಲುಗಳಾದವು. ಇಕ್ಕೆಲಗಳಲ್ಲಿ ಉಳಿದದ್ದು ಅದಕ್ಕಿಂತ ಬಹಳ ಹಳೆಯ ಗಟ್ಟಿಕಲ್ಲು. ಆ ಕಲ್ಲು ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ ತೂಗುತ್ತದೆ. ಮರಳುಗಲ್ಲು ಸುಮಾರು 2.4 ಗ್ರಾಂ, ಕಲ್ಲಿದ್ದಲು 1.2ರಿಂದ 1.5 ಗ್ರಾಂ ಮಾತ್ರ.

ಹಗುರ ಕಲ್ಲು ತುಂಬಿರುವ ಕಡೆ ಭೂಮಿಯ ಸೆಳೆತ ಕೂದಲೆಳೆಯಷ್ಟು ಕಡಿಮೆ. ಅದನ್ನು ಅಳೆಯುವ ಉಪಕರಣವೇ ಗ್ರಾವಿಮೀಟರ್. ಅದರ ಅಳತೆ ಮಿಲಿಗಾಲ್. ಒಂದು ಮಿಲಿಗಾಲ್ ಎಂದರೆ ಭೂಮಿಯ ಸೆಳೆತದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. 1,000 ಮೀಟರ್ ದಪ್ಪಕ್ಕೆ ಮರಳುಗಲ್ಲು ತುಂಬಿದ್ದರೆ ಲೆಕ್ಕದ ಪ್ರಕಾರ ಸುಮಾರು 12 ಮಿಲಿಗಾಲ್ ಕಡಿಮೆಯಾಗುತ್ತದೆ. ಇದು ಸ್ಪಷ್ಟವಾಗಿ ಕಾಣುತ್ತದೆ. ಕಣಿವೆಯ ಅಗಲ, ಆಳ, ಅಂಚು ಎಲ್ಲವೂ ನಕ್ಷೆಗೆ ಬರುತ್ತವೆ.

ಆದರೆ 2 ಮೀಟರ್ ದಪ್ಪದ ಕಲ್ಲಿದ್ದಲಿನ ಪದರವೊಂದನ್ನೇ ತೆಗೆದುಕೊಂಡರೆ ವ್ಯತ್ಯಾಸ 0.1 ಮಿಲಿಗಾಲ್ ಕೂಡ ಇಲ್ಲ. ಉಪಕರಣ ಇಟ್ಟ ಜಾಗ 1 ಮೀಟರ್ ಎತ್ತರವಾದರೆ ಸಾಕು, ಸೆಳೆತ 0.3 ಮಿಲಿಗಾಲ್ ಕಡಿಮೆಯಾಗುತ್ತದೆ. ಎಂದರೆ ಜಾಗದ ಎತ್ತರ ಅಳೆಯುವಾಗ ಆಗುವ ಒಂದಡಿ ತಪ್ಪು, ಆಳೆತ್ತರದ ಕಲ್ಲಿದ್ದಲನ್ನೇ ನುಂಗಿಬಿಡುತ್ತದೆ! ಆದುದರಿಂದ ಬಲ್ಲವರು ಗ್ರಾವಿಮೀಟರಿನಿಂದ ಕಲ್ಲಿದ್ದಲನ್ನು ಹುಡುಕುವುದಿಲ್ಲ. ಕಲ್ಲಿದ್ದಲು ಇರಬಹುದಾದ ಪಾತ್ರೆಯನ್ನು ಹುಡುಕುತ್ತಾರೆ.

ಪಾತ್ರೆ ಸಿಕ್ಕ ಮೇಲೆ ಎರಡನೆಯ ಹೆಜ್ಜೆ ವಿದ್ಯುತ್ ರೋಧದ ಪರೀಕ್ಷೆ. ಜೇಡಿಗಲ್ಲು ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ, ಮರಳುಗಲ್ಲು ಅಷ್ಟು ಬಿಡುವುದಿಲ್ಲ, ತಳದ ಗಟ್ಟಿಕಲ್ಲಂತೂ ಬಹಳ ತಡೆಯುತ್ತದೆ. ತಳ ಎಷ್ಟು ಆಳದಲ್ಲಿದೆ, ಪದರಗಳು ಎಲ್ಲಿ ಮುರಿದು ಜಾರಿವೆ ಎಂಬುದು ಇದರಿಂದ ತಿಳಿಯುತ್ತದೆ. ಮೂರನೆಯ ಹೆಜ್ಜೆ ಕೊರೆತ. ಕೊರೆದ ರಂಧ್ರದಲ್ಲಿ ಯಾವ ಅಡಿಗೆ ಯಾವ ಕಲ್ಲು ಬಂತೆಂದು ಬರೆದಿಡುತ್ತಾರೆ. ರಂಧ್ರದೊಳಕ್ಕೇ ಉಪಕರಣ ಇಳಿಸಿ ಮತ್ತೆ ಅಳೆಯುತ್ತಾರೆ. ಆ ದಾಖಲೆಯನ್ನು ಹಿಡಿದುಕೊಂಡು ಮೇಲಿನ ಅಳತೆಗಳನ್ನು ತಿದ್ದಿ, ಮುಂದಿನ ಜಾಗ ಗುರುತಿಸುತ್ತಾರೆ. ಒಂದು ಅಳತೆ, ಒಂದು ಚೀಟಿ, ಒಂದು ಕೊರೆತ ಎಂಬ ಪದ್ಧತಿ ಅಲ್ಲಿಲ್ಲ.

ನಾಲ್ಕು ಗೂಟಗಳ ಲೆಕ್ಕ

ನಮ್ಮ ತೋಟಕ್ಕೆ ಬರುವುದು ಎರಡನೆಯ ಹೆಜ್ಜೆಯ ಉಪಕರಣ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ನಾರ್ಮಂಡಿಯ ಹೊಲಗಳಲ್ಲಿ ನೆಲಕ್ಕೆ ವಿದ್ಯುತ್ ಹರಿಸಿ ಅಳೆದು ನೋಡಿದರು. ಅಮೆರಿಕದ ಫ್ರಾಂಕ್ ವೆನ್ನರ್ ನಾಲ್ಕು ಗೂಟಗಳನ್ನು ಸಮ ದೂರದಲ್ಲಿ ನೆಡುವ ಕ್ರಮವನ್ನು 1915ರಲ್ಲಿ ವಿವರಿಸಿದರು. ಇಂದಿಗೂ ಬಳಕೆಯಲ್ಲಿರುವುದು ಇವರಿಬ್ಬರ ಕ್ರಮಗಳೇ.

ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಗೂಟ ನೆಡುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ವಿದ್ಯುತ್ ಹರಿಯುತ್ತದೆ. ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಇದೆಯೆಂದು ಮೀಟರ್ ತೋರಿಸುತ್ತದೆ. ವೆನ್ನರ್ ಕ್ರಮದಲ್ಲಿ ಗೂಟದಿಂದ ಗೂಟಕ್ಕೆ 20 ಮೀಟರ್ ಇದ್ದು, 100 ಮಿಲಿಆಂಪಿಯರ್ ಹರಿಸಿದಾಗ 80 ಮಿಲಿವೋಲ್ಟ್ ಬಂತೆನ್ನಿ. ರೋಧ 0.8 ಓಮ್. ಅದನ್ನು 2 × 3.14 × 20ರಿಂದ ಗುಣಿಸಿದರೆ ಸುಮಾರು 100 ಓಮ್-ಮೀಟರ್. ಇದೇ ನೆಲದ ರೋಧಶೀಲತೆ. ಗೂಟಗಳನ್ನು ದೂರ ದೂರ ಮಾಡಿದಂತೆಲ್ಲ ವಿದ್ಯುತ್ತು ಹೆಚ್ಚು ಆಳಕ್ಕೆ ಇಳಿಯುತ್ತದೆ. ಆಳದ ಕಲ್ಲಿನ ಗುಣವೂ ಅಂಕಿಯಲ್ಲಿ ಸೇರುತ್ತದೆ. ಹೀಗೆ ಹದಿನೈದಿಪ್ಪತ್ತು ಅಳತೆ ತೆಗೆದು ಗ್ರಾಫ್ ಕಾಗದದ ಮೇಲೆ ಗೆರೆ ಎಳೆದಾಗ ಪದರಗಳ ಚಿತ್ರ ಮೂಡುತ್ತದೆ.

ಅಂಕಿಗಳ ಅರ್ಥವೇನು? ಗಟ್ಟಿ ಗ್ರಾನೈಟ್, ನೈಸ್ ಕಲ್ಲಿಗೆ ಸಾಮಾನ್ಯವಾಗಿ 1,000 ಓಮ್-ಮೀಟರಿಗಿಂತ ಹೆಚ್ಚು. ಕಲ್ಲು ಕೊಳೆತು ಮೆತ್ತಗಾಗಿ ನೀರು ಹಿಡಿದಿದ್ದರೆ ಸುಮಾರು 20ರಿಂದ 100. ಬಿರುಕುಬಿಟ್ಟು ನೀರಾಡುವ ಕಲ್ಲಿಗೆ ಸುಮಾರು 100ರಿಂದ 300. ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ಗಟ್ಟಿಕಲ್ಲಿನಷ್ಟೇ ಅಂಕಿ ಕೊಡಬಹುದು. ಜೇಡಿ, ಶೇಡಿಮಣ್ಣುಗಳಿಗೆ ಬಹಳ ಕಡಿಮೆ ಅಂಕಿ.

ತೊಡಕು ಇರುವುದು ಇಲ್ಲಿಯೇ. 30 ಓಮ್-ಮೀಟರ್ ಬಂತೆಂದರೆ ಅದು ನೀರು ತುಂಬಿದ ಮೆದು ಕಲ್ಲಾಗಿರಬಹುದು, ಹನಿ ನೀರನ್ನೂ ಬಿಟ್ಟುಕೊಡದ ಶೇಡಿಮಣ್ಣೂ ಆಗಿರಬಹುದು. ಮೀಟರಿಗೆ ಎರಡೂ ಒಂದೇ. ಅದು ಅಳೆಯುವುದು ವಿದ್ಯುತ್ತಿಗೆ ಸಿಗುವ ಅಡ್ಡಿಯನ್ನು, ನೀರನ್ನಲ್ಲ. ‘ಎಷ್ಟು ಇಂಚು ನೀರು’ ಎಂದು ಹೇಳುವ ಮುಳ್ಳು ಯಾವ ಮೀಟರಿನಲ್ಲೂ ಇಲ್ಲ.

ನಮ್ಮ ನೆಲದ ವಿಶೇಷ

ಕಲ್ಲಿದ್ದಲಿನ ಪದರ ಮೈಲಿಗಟ್ಟಲೆ ಹಾಸಿಕೊಂಡಿರುತ್ತದೆ. ಮಲೆನಾಡಿನ ನೀರು ಹಾಗಲ್ಲ. ನಮ್ಮಡಿಯ ನೈಸ್, ಗ್ರಾನೈಟ್ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಅದರ ಮೈಯಲ್ಲಿ ನೀರು ನಿಲ್ಲುವ ರಂಧ್ರಗಳಿಲ್ಲ. ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು. ಕೊಳೆತ ಪದರವನ್ನು ರೋಧ ಪರೀಕ್ಷೆ ಚೆನ್ನಾಗಿ ತೋರಿಸುತ್ತದೆ. ಆದರೆ 100 ಮೀಟರ್ ಆಳದಲ್ಲಿರುವ ಒಂದೆರಡು ಅಡಿಯ ಬಿರುಕನ್ನು ನೆಲದ ಮೇಲಿನಿಂದ ಕಾಣುವುದು ಇದರ ಕೈಯಲ್ಲಾಗದು. ಬಿರುಕಿನ ಪಟ್ಟಿ ಇರಬಹುದೆಂಬ ಸುಳಿವು ಕೊಟ್ಟೀತು, ಅಷ್ಟೆ.

ಇನ್ನೊಂದು ಮಾತು. ವಿದ್ಯುತ್ತು ಇಳಿಯುವ ಆಳ, ಸ್ಥೂಲವಾಗಿ, ಹೊರಗಿನ ಎರಡು ಗೂಟಗಳ ಅಂತರದ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲು. 100 ಮೀಟರ್, ಎಂದರೆ ಸುಮಾರು 330 ಅಡಿಯ ಸಂಗತಿ ತಿಳಿಯಬೇಕಾದರೆ ತಂತಿಯನ್ನು 300–400 ಮೀಟರ್ ನೇರವಾಗಿ ಎಳೆಯಬೇಕು. ಎರಡು ಗುಡ್ಡಗಳ ನಡುವಿನ ಕಿರಿದಾದ ಅಡಿಕೆ ತೋಟದಲ್ಲಿ ಅಡ್ಡಕ್ಕೆ ಇಷ್ಟು ಜಾಗ ಎಲ್ಲಿದೆ? ಕಣಿವೆಯ ಉದ್ದಕ್ಕೆ, ಆದಷ್ಟು ಒಂದೇ ಮಟ್ಟದಲ್ಲಿ ಎಳೆದರೆ ಸಾಧ್ಯವಾದೀತು. ನಮ್ಮ ಸದಸ್ಯರ ತೋಟದಲ್ಲಿ ಎಳೆದ ತಂತಿ ಒಟ್ಟು 60 ಮೀಟರ್ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅದರಿಂದ 60–70 ಅಡಿಯ ವಿಷಯ ಹೇಳಬಹುದೇ ಹೊರತು 210 ಅಡಿಯದಲ್ಲ. ಆ ಚೀಟಿಯ ಅಂಕಿ ಮೆಷಿನಿನಿಂದ ಬಂದದ್ದಾಗಿರಲು ಸಾಧ್ಯವೇ ಇರಲಿಲ್ಲ.

ಪಾಯಿಂಟ್ ಮಾಡಿಸುವ ಮುನ್ನ

(1) ತಂತಿ ಎಷ್ಟು ಉದ್ದ ಎಳೆಯುತ್ತೀರಿ ಎಂದು ಮೊದಲೇ ಕೇಳಬೇಕು. ಹೇಳುವ ಆಳಕ್ಕೂ ಉದ್ದಕ್ಕೂ ಮೇಲಿನ ಲೆಕ್ಕ ಹಾಕಿ ನೋಡಬೇಕು.

(2) ನಿಮ್ಮ ಅಥವಾ ನೆರೆಯವರ ನೀರಿರುವ ಒಂದು ಕೊಳವೆಬಾವಿ, ನೀರು ಬಾರದ ಒಂದು ಕೊಳವೆಬಾವಿ – ಈ ಎರಡರ ಪಕ್ಕದಲ್ಲಿ ಮೊದಲು ಪರೀಕ್ಷೆ ಮಾಡಿಸಿ. ಗೊತ್ತಿರುವ ಜಾಗದ ಅಂಕಿ ಕೈಯಲ್ಲಿದ್ದರೆ ಮಾತ್ರ ಗೊತ್ತಿಲ್ಲದ ಜಾಗದ ಅಂಕಿಗೆ ಅರ್ಥ ಬರುತ್ತದೆ. ಕಲ್ಲಿದ್ದಲಿನವರಿಂದ ನಾವು ಕಲಿಯಬೇಕಾದ ದೊಡ್ಡ ಪಾಠ ಇದೇ.

(3) ಒಂದೇ ಕಡೆ ಅಲ್ಲ, ಕನಿಷ್ಠ ಮೂರು ನಾಲ್ಕು ಕಡೆ ಅಳೆಯಬೇಕು.

(4) ಮುಳ್ಳುತಂತಿ ಬೇಲಿ, ನೆಲದಡಿಯ ಕಬ್ಬಿಣದ ಪೈಪು, ಪಂಪಿನ ಅರ್ತಿಂಗ್, ವಿದ್ಯುತ್ ಲೈನು ಇವುಗಳ ಹತ್ತಿರ ಗೂಟ ನೆಟ್ಟರೆ ಅಂಕಿ ಕೆಡುತ್ತದೆ. ನೆಲ ಒಣಗಿದ್ದರೆ ಗೂಟದ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು.

(5) ಚೀಟಿ ಸಾಲದು. ಎಲ್ಲ ಅಳತೆಗಳ ಪಟ್ಟಿ, ಗ್ರಾಫ್ ಎರಡನ್ನೂ ಕೇಳಿ ಪಡೆಯಬೇಕು. ಹಣ ಕೊಟ್ಟವರಿಗೆ ಅದು ಸಲ್ಲತಕ್ಕದ್ದು. ಬೇರೆ ಭೂವಿಜ್ಞಾನಿಗೆ ತೋರಿಸಿ ಎರಡನೆಯ ಅಭಿಪ್ರಾಯ ಕೇಳಲು ಬರುತ್ತದೆ.

(6) ‘ಇಲ್ಲಿ ಕೊರೆಯಬೇಡಿ’ ಎಂಬ ಉತ್ತರ ಬಂದರೆ ಬೇಸರಪಡಬಾರದು. ಲಾರಿಯ ಖರ್ಚು ಉಳಿಸಿದ ಪರೀಕ್ಷೆ ವ್ಯರ್ಥವಲ್ಲ.

ನಮ್ಮ ಸದಸ್ಯರು ಕೊನೆಗೆ ಮಾಡಿದ್ದೂ ಅದನ್ನೇ. ಎರಡನೆಯ ಸಲ ಸರಿಯಾಗಿ ಪರೀಕ್ಷೆ ನಡೆಯಿತು. ಸುಮಾರು 45 ಅಡಿಯವರೆಗೆ ಕೊಳೆತ ಪದರ, ಅದರ ಕೆಳಗೆ ಬರೀ ಗಟ್ಟಿಕಲ್ಲು ಎಂದು ಗ್ರಾಫ್ ತೋರಿಸಿತು. ನಾಲ್ಕನೆಯ ಕೊಳವೆಬಾವಿಯ ಆಸೆ ಬಿಟ್ಟು, 28 ಅಡಿಗೆ ನಿಂತಿದ್ದ ಅಜ್ಜನ ಕಾಲದ ತೆರೆದ ಬಾವಿಯನ್ನೇ ಆ ಪದರದ ತಳದವರೆಗೆ ಇಳಿಸಿದರು. ಮೇಲ್ಭಾಗದ ಗುಡ್ಡದಲ್ಲಿ ಮಳೆನೀರು ಇಂಗಲು ಅಗಳು ತೋಡಿಸಿದರು. ಇಡೀ ತೋಟಕ್ಕೆ ಸಾಲುವಷ್ಟು ನೀರು ಆಗಲಿಲ್ಲ. ಮೇಲಿನ ಅರ್ಧ ಎಕರೆ ಈ ವರ್ಷವೂ ಸೊರಗಿತು. ಆದರೆ ಉಳಿದ ಎರಡು ಎಕರೆಗೆ ಏಪ್ರಿಲ್ ಕೊನೆಯವರೆಗೆ ಹನಿ ನೀರಾವರಿ ನಡೆಯಿತು, ಹೊಸ ಸಾಲವಾಗಲಿಲ್ಲ.

ಕಡೆಯದಾಗಿ ಒಂದು ವಿನಂತಿ. ಗಣಿಯವರಿಗೆ ಪ್ರತಿ ಕೊರೆತವೂ ಒಂದು ದಾಖಲೆ. ನಮ್ಮ ಊರುಗಳಲ್ಲಿ ಎಷ್ಟೋ ರಂಧ್ರಗಳು ಬಿದ್ದಿವೆ, ದಾಖಲೆ ಮಾತ್ರ ಒಂದೂ ಇಲ್ಲ. ಇನ್ನು ಮುಂದೆ ಕೊರೆಯಿಸುವಾಗ ಎಷ್ಟು ಅಡಿಗೆ ಯಾವ ಮಣ್ಣು, ಯಾವ ಕಲ್ಲು ಬಂತು, ಕೇಸಿಂಗ್ ಎಷ್ಟು ಇಳಿಯಿತು, ನೀರು ಎಲ್ಲಿ ಸಿಕ್ಕಿತು, ಅದು ಯಾವ ತಿಂಗಳು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀರು ಬಾರದಿದ್ದರೂ ಬರೆಯಿರಿ. ನೆರೆಯವನಿಗೆ ಉಪಕಾರವಾಗುವುದು ಆ ಬರೆಹವೇ. ಹಾಗೆಯೇ ಅಂಥ ಬಾವಿಯ ಬಾಯನ್ನು ಮಕ್ಕಳು ಬೀಳದಂತೆ ಅಂದೇ ಭದ್ರವಾಗಿ ಮುಚ್ಚಿಸಿ. ಬರೆದ ಪ್ರತಿಯೊಂದನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ಗ್ರಾಮವಾರು ಜೋಡಿಸಿಡುತ್ತೇವೆ. ಮುಂದಿನ ಬೇಸಿಗೆಯಲ್ಲಿ ಪಾಯಿಂಟ್ ಮಾಡಿಸಲು ಹೊರಡುವವರು ಮೊದಲು ಆ ಕಡತವನ್ನು ನೋಡಿ ಹೋಗಬಹುದು.