ಸೀತಾಳೆ ದಂಡೆ ಬಂದಳಿಕೆಯಲ್ಲ

ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ನಡೆಯುವಾಗ ನನಗೆ ನೋಡಲಾಗದ ಒಂದು ಕೆಲಸವಿದೆ. ಕಡಿದು ಬಿದ್ದ ಕೊಂಬೆಗೆ ಅಂಟಿಕೊಂಡ ಸೀತಾಳೆ ದಂಡೆಯನ್ನು ಕತ್ತಿಯಿಂದ ಕೆರೆದು ಎಸೆಯುತ್ತಾರೆ. ಯಾಕೆ ಎಂದು ಕೇಳಿದರೆ, “ಬಂದಳಿಕೆ ಅಲ್ವಾ, ಮರದ ಸತ್ವ ಎಲ್ಲ ಹೀರಿಬಿಡ್ತದೆ” ಎಂಬ ಉತ್ತರ. ಆ ಹೂವಿನ ದಂಡೆಯನ್ನು ಜಡೆಗೆ ಮುಡಿಯುವ ಮನೆಗಳಲ್ಲೂ ಇದೇ ನಂಬಿಕೆ.

ಬಂದಳಿಕೆ ಬೇರೆ, ಸೀತಾಳೆ ದಂಡೆಯಂಥ ಆರ್ಕಿಡ್ ಬೇರೆ. ಬಂದಳಿಕೆ ತನ್ನ ಬೇರನ್ನು ಕೊಂಬೆಯ ಒಳಕ್ಕೆ ಇಳಿಸಿ ಮರದ ನೀರು, ಲವಣ ಕದಿಯುತ್ತದೆ. ಸೀತಾಳೆ ದಂಡೆಯ ಬೇರು ತೊಗಟೆಯ ಮೇಲ್ಮೈಯನ್ನು ಅಪ್ಪಿಕೊಳ್ಳುತ್ತದೆ, ಒಳಗೆ ಹೊಗುವುದಿಲ್ಲ. ಬೇರಿನ ಸುತ್ತ ವೆಲಾಮೆನ್ ಎಂಬ ಸ್ಪಂಜಿನಂಥ ಹೊದಿಕೆಯಿದೆ. ಸತ್ತ ಜೀವಕೋಶಗಳ ಈ ಪದರ ಮಳೆ ಬಂದಾಗ ನೀರನ್ನು ಥಟ್ಟನೆ ಹೀರಿ ಒಳಗಿನ ಬೇರಿಗೆ ಕೊಡುತ್ತದೆ. ಒಣಗಿದ ಬೇರು ಬೂದಿ ಬಣ್ಣಕ್ಕಿರುತ್ತದೆ. ಅದರ ಮೇಲೆ ಒಂದು ಲೋಟ ನೀರು ಹಾಕಿ ನೋಡಿ, ಕಣ್ಣೆದುರೇ ಹಸಿರಾಗುತ್ತದೆ. ಗೊಬ್ಬರವೆಂದರೆ ತೊಗಟೆಯ ಸಂದಿನಲ್ಲಿ ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಮಳೆನೀರಿನಲ್ಲಿ ಇಳಿದು ಬರುವ ಧೂಳು. ಊಟ ಎಲೆಯಲ್ಲೇ ತಯಾರಾಗುತ್ತದೆ. ಒಣಕಲು ಕೊಂಬೆಯ ಮೇಲೆ ಭಾರೀ ಹಿಂಡಲು ಬೆಳೆದರೆ ತೂಕಕ್ಕೆ ಕೊಂಬೆ ಮುರಿಯಬಹುದು, ಅಷ್ಟೇ.

ಮನೆಯಲ್ಲಿ ಆರ್ಕಿಡ್ ಬೆಳೆಸುವವರ ತಪ್ಪುಗಳಲ್ಲಿ ಬಹುಪಾಲು ಈ ಬೇರನ್ನು ಅರಿಯದ್ದರಿಂದಲೇ ಆಗುತ್ತವೆ. ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿದ ಕುಂಡದಲ್ಲಿ ಡೆಂಡ್ರೋಬಿಯಂ ನೆಟ್ಟರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಹಬೆನೇರಿಯಾದಂಥ ನೆಲದ ಆರ್ಕಿಡ್‌ಗಳಿಗೆ ಮಣ್ಣು ಬೇಕು ನಿಜ. ಮರದ ಮೇಲೆ ಬೆಳೆಯುವ ಜಾತಿಗಳಿಗೆ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು.

ಇನ್ನು ಗಿಡ ಪಾಲು ಮಾಡುವ ವಿಷಯ. ಹೆಚ್ಚು ತುಂಡು ಮಾಡಿದಷ್ಟೂ ಹೆಚ್ಚು ಗಿಡ ಎಂದು ನಾನೂ ನಂಬಿದ್ದೆ. ಒಂಬತ್ತು ದಂಟುಗಳಿದ್ದ ಡೆಂಡ್ರೋಬಿಯಂ ಒಂದನ್ನು ಒಂಬತ್ತು ಪಾಲು ಮಾಡಿದೆ. ನಾಲ್ಕು ಸತ್ತವು, ಉಳಿದವು ಎರಡು ವರ್ಷ ಹೂ ಬಿಡಲಿಲ್ಲ. ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂಗಳು ಬುಡದಲ್ಲಿ ಅಡ್ಡಲಾಗಿ ಸಾಗುತ್ತಾ ಒಂದೊಂದೇ ಹೊಸ ದಂಟು ಎಬ್ಬಿಸುತ್ತವೆ. ಹೊಸ ಚಿಗುರಿಗೆ ನೀರು, ಆಹಾರ ಕೊಡುವುದು ಹಿಂದಿನ ದಂಟುಗಳು. ಆದ್ದರಿಂದ ಪ್ರತಿ ಪಾಲಿನಲ್ಲೂ ಕನಿಷ್ಠ ಮೂರು–ನಾಲ್ಕು ದಂಟು, ಒಂದು ಜೀವಂತ ಮೊಗ್ಗು, ಒಂದಿಷ್ಟು ಗಟ್ಟಿ ಬೇರು ಇರಬೇಕು. ಎಲೆ ಉದುರಿದ ಹಳೆಯ ದಂಟು ಸತ್ತಿದೆ ಎಂದು ಕತ್ತರಿಸಿ ಎಸೆಯುವುದೂ ತಪ್ಪು. ಅದು ಗಟ್ಟಿಯಾಗಿ, ಹಸಿರಾಗಿ ಇರುವವರೆಗೂ ಗಿಡದ ಕಣಜ.

ವಾಂಡಾ, ಸೀತಾಳೆ ದಂಡೆ, ಫಲೆನಾಪ್ಸಿಸ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವು ಒಂದೇ ಕಾಂಡದಲ್ಲಿ ಮೇಲಕ್ಕೆ ಬೆಳೆಯುತ್ತವೆ, ಬುಡ ಸೀಳಿದರೆ ಗಿಡವೇ ಹೋಗುತ್ತದೆ. ಬುಡದಲ್ಲೋ ಹೂದಂಟಿನಲ್ಲೋ ಮರಿ ಬಂದರೆ, ಅದಕ್ಕೆ ಎರಡು ಮೂರು ಅಂಗುಲದ ಸ್ವಂತ ಬೇರು ಮೂಡುವ ತನಕ ಕಾಯಬೇಕು.

ಹೂ ಬಾಡಿದ ಕೂಡಲೇ ಪಾಲು ಮಾಡಬೇಕು ಎನ್ನುವವರಿದ್ದಾರೆ, ಮಳೆ ಹಿಡಿದರೆ ಯಾವಾಗಲಾದರೂ ಸರಿ ಎನ್ನುವವರೂ ಇದ್ದಾರೆ. ನೋಡಬೇಕಾದದ್ದು ಹೊಸ ಚಿಗುರಿನ ಬುಡವನ್ನು. ಅಲ್ಲಿ ಹಸಿರು ಇಲ್ಲವೇ ನೇರಳೆ ತುದಿಯ ಬೇರುಗಳು ಇಣುಕುತ್ತಿದ್ದರೆ ಅದೇ ಹೊತ್ತು. ಅವು ಉದ್ದವಾದ ಮೇಲೆ ಕೈ ಹಾಕಿದರೆ ಎಳೆಯ ತುದಿಗಳು ಮುರಿಯುತ್ತವೆ, ಮುರಿದ ಬೇರು ಅಲ್ಲಿಗೇ ನಿಲ್ಲುವುದುಂಟು.

ಕತ್ತರಿಸಿದ ಗಾಯಕ್ಕೆ ಅರಿಶಿನ ಅಥವಾ ಚಕ್ಕೆ ಪುಡಿ ಹಚ್ಚಿದರೆ ಯಾವ ರೋಗವೂ ಬಾರದು ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ಮಾತು. ಗಾಯ ಒಣಗಲು ಚಕ್ಕೆ ಪುಡಿ ನೆರವಾದೀತು. ಆದರೆ ಅದು ಬೇರಿಗೆ ತಗುಲಿದರೆ ಬೇರೂ ಒಣಗುತ್ತದೆ. ದೊಡ್ಡ ಅಪಾಯ ಇರುವುದು ಕತ್ತರಿಯ ಅಲಗಿನಲ್ಲಿ. ಸಿಂಬಿಡಿಯಂ ಮೊಸಾಯಿಕ್ ಮತ್ತು ಓಡಾಂಟೋಗ್ಲಾಸಮ್ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ಗಿಡದ ರಸದ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ. ಸೋಂಕು ತಗುಲಿದ ಗಿಡ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಔಷಧಿ ಇಲ್ಲ, ಅರಿಶಿನವೂ ಅಲ್ಲಿ ಕೆಲಸ ಮಾಡದು. ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವ ಮೊದಲು ಪ್ರತಿ ಸಲವೂ ಅಲಗನ್ನು ಬೆಂಕಿಯಲ್ಲಿ ಕಾಯಿಸಿ, ಇಲ್ಲವೇ ಗಿಡಕ್ಕೊಂದರಂತೆ ಹೊಸ ಬ್ಲೇಡು ಬಳಸಿ. ಪಾಲು ಮಾಡಿದ ಗಿಡವನ್ನು ಒಂದೆರಡು ದಿನ ನೆರಳಲ್ಲಿ ಗಾಯ ಒಣಗಲು ಬಿಡಿ.

ಮರದ ತುಂಡಿಗೆ ಕಟ್ಟುವಾಗ ದಪ್ಪಗೆ ಪಾಚಿ ಸುತ್ತಿ ಸದಾ ಒದ್ದೆಯಾಗಿಟ್ಟರೆ ಬೇಗ ಹಿಡಿಯುತ್ತದೆ ಎಂದುಕೊಳ್ಳುತ್ತಾರೆ. ಸದಾ ಒದ್ದೆಯಿದ್ದ ಬುಡ ಕೊಳೆಯುತ್ತದೆ. ತೆಳ್ಳನೆಯ ಒಂದು ಪದರ ಸಾಕು. ಗಿಡ ಹಿಡಿಯಲು ಅದಕ್ಕಿಂತ ಮುಖ್ಯವಾದದ್ದು ಅಲುಗಾಡದಂತೆ ಬಿಗಿಯಾಗಿ ಕಟ್ಟುವುದು. ಅಲುಗುವ ಗಿಡದ ಬೇರಿನ ತುದಿ ತೊಗಟೆಗೆ ಉಜ್ಜಿ ಸವೆಯುತ್ತದೆ. ಹಳೆಯ ಕಾಲುಚೀಲದ ಪಟ್ಟಿ, ಮೀನಿನ ಗಾಳದ ದಾರ, ಹತ್ತಿ ಹುರಿ ಯಾವುದಾದರೂ ಆದೀತು. ತಾಮ್ರದ ತಂತಿ ಮಾತ್ರ ಬೇಡ, ತಾಮ್ರ ಆರ್ಕಿಡ್ ಬೇರಿಗೆ ವಿಷ. ತೊಗಟೆ ಸುಲಿಯುವ ಸೀಬೆ, ನೀಲಗಿರಿ ಬಿಟ್ಟು ಮಾವಿನ ಕೊಂಬೆಯನ್ನೋ ಕಿತ್ತ ಹಳೆಯ ಕಾಫಿ ಬೊಡ್ಡೆಯನ್ನೋ ಆರಿಸಿ. ತೆಂಗಿನ ಸಿಪ್ಪೆಯಾದರೆ ನೀರು ಬದಲಿಸುತ್ತಾ ಕೆಲವು ದಿನ ನೆನೆಸಿ, ಉಪ್ಪು, ಒಗರು ಇಳಿಯಲಿ. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡವನ್ನು ಓರೆಯಾಗಿ ಕೂರಿಸಿ. ಕಟ್ಟಿದ ಗಿಡಕ್ಕೆ ಕುಂಡದ ಗಿಡಕ್ಕಿಂತ ಹೆಚ್ಚು ಸಲ ನೀರು ಬೇಕು. ಬೆಂಗಳೂರಿನ ಬೇಸಿಗೆಯಲ್ಲಿ ದಿನಾಲೂ ಬೇಕಾಗುತ್ತದೆ, ಮಲೆನಾಡಿನ ಜುಲೈಯಲ್ಲಿ ಮಳೆಯೇ ಸಾಕು.

ಕಾಡಿನಲ್ಲಿ ಬೇಕಾದಷ್ಟಿದೆ, ಒಂದೆರಡು ತಂದರೆ ಏನಾಗುತ್ತದೆ ಎಂಬ ಮಾತಿಗೂ ಉತ್ತರ ಕೊಡಲೇಬೇಕು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಬುತ್ತಿ ಇರುವುದಿಲ್ಲ. ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ. ಇದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ಡ್ 1899ರಲ್ಲಿ ಕಂಡುಕೊಂಡ. ಒಂದು ಕಾಯಲ್ಲಿ ಸಾವಿರ ಸಾವಿರ ಬೀಜಗಳಿದ್ದರೂ ಕಾಡಿನಲ್ಲಿ ಗಿಡವಾಗುವುದು ಬೆರಳೆಣಿಕೆಯಷ್ಟು, ಅವು ಹೂ ಬಿಡಲು ಹಲವು ವರ್ಷ ಬೇಕು. ಮೀಸಲು ಅರಣ್ಯದಿಂದ ಗಿಡ ತರುವುದು ಅಪರಾಧ ಕೂಡ. ನರ್ಸರಿಗಳಲ್ಲಿ ಅಂಗಾಂಶ ಕೃಷಿಯ ಗಿಡಗಳು ಸಿಗುತ್ತವೆ.

ತೋಟದವರಲ್ಲಿ ನನ್ನದೊಂದು ಬಿನ್ನಹ. ಈ ಸಲ ಮರಗಸಿಯಲ್ಲಿ ಬಿದ್ದ ಕೊಂಬೆಗಳನ್ನು ಸೌದೆ ರಾಶಿಗೆ ಸೇರಿಸುವ ಮುನ್ನ ಒಮ್ಮೆ ನೋಡಿ. ಸೀತಾಳೆ ದಂಡೆ ಕಂಡರೆ ಬೇರು ಕೀಳದೆ, ಅಂಟಿಕೊಂಡ ತೊಗಟೆಯ ಸಮೇತ ಆ ತುಂಡನ್ನು ಕೊಯ್ದು ಪಕ್ಕದ ಮರದ ಕವಲಿಗೆ ಬಿಗಿಯಾಗಿ ಕಟ್ಟಿ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ, ಒಂದು ಮಾರು ಹಗ್ಗ.